ನೀಲಿ ಹಿಡಿಯ ಸೌಟು

ಗೆಡಾಲ್ಯ ನಮ್ಮ ಅಡುಗೆಮನೆಗೆ ಬಂದ ಮೊದಲ ದಿನವೇ ನನ್ನ ಮೂರು ಎಲೆಕೋಸು ಬಿಚ್ಚಿ ಮೇಜಿನ ತುಂಬ ಹರಡಿಕೊಂಡು ಕೂತ. ಕನ್ನಡಕ ಹಣೆಗೇರಿಸಿ, ಒಂದೊಂದೇ ಎಲೆಯನ್ನು ದೀಪಕ್ಕೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಗಂಟೆ ಹತ್ತಾಗಿತ್ತು. ನೀರು ಕುದ್ದು ಕುದ್ದು ಅರ್ಧಕ್ಕಿಳಿದಿತ್ತು.

"ಏನ್ರೀ, ಹುಳ ಹುಡುಕ್ತಿದ್ದೀರೋ, ಎಲೆಕೋಸಿಗೆ ವರ ಹುಡುಕ್ತಿದ್ದೀರೋ?" ಎಂದೆ.

ಅವನು ತಲೆ ಎತ್ತಲಿಲ್ಲ. "ಹುಳ ಸಿಕ್ಕಿದೆ. ವರ ಇನ್ನೂ ಸಿಕ್ಕಿಲ್ಲ."

ನನಗೆ ನಗು ಬಂತು. ಬಂದದ್ದನ್ನು ತೋರಿಸಿಕೊಳ್ಳುವ ಹೆಂಗಸು ನಾನಲ್ಲ, ಹಾಗಾಗಿ ಈರುಳ್ಳಿ ಕಡೆ ತಿರುಗಿಕೊಂಡೆ.

ಕ್ಲೀವ್‌ಲೆಂಡ್‌ನ ನಮ್ಮ ಯಹೂದಿ ಸೇವಾ ಸಂಘದಲ್ಲಿ ಎಲ್ಲ ಬಗೆಯ ಕೆಲಸವೂ ನಡೆಯುತ್ತದೆ. ಮೇಲಿನ ಮಹಡಿಯಲ್ಲಿ ಗಂಡ ಹೆಂಡಿರ ಜಗಳ ಬಿಡಿಸುತ್ತಾರೆ, ಕೆಲಸ ಹೋದವರಿಗೆ ಕೆಲಸ ಹುಡುಕುತ್ತಾರೆ, ಊರಿಗೆ ಹೊಸಬರಾದವರಿಗೆ ಅರ್ಜಿ ತುಂಬಿಕೊಡುತ್ತಾರೆ. ಕೆಳಗೆ ನಾನು ಬೇಯಿಸುತ್ತೇನೆ. ಶುಕ್ರವಾರ ಸೂರ್ಯ ಮುಳುಗಿದರೆ ಸಬ್ಬತ್ತು, ಒಲೆ ಹೊತ್ತಿಸಬಾರದ ವಿಶ್ರಾಂತಿಯ ದಿನ. ಅಷ್ಟರೊಳಗೆ ಒಂಟಿಯಾಗಿರುವ ನೂರ ಅರವತ್ತು ಮಂದಿ ಮುದುಕ ಮುದುಕಿಯರ ಮನೆಗೆ ಬಿಸಿ ಊಟ ತಲುಪಬೇಕು.

ಅವರಲ್ಲಿ ಒಬ್ಬರೂ "ನಮಗೆ ಸಹಾಯ ಬೇಕು" ಅಂದವರಲ್ಲ. ತೊಂಬತ್ತೊಂದರ ಜುಕರ್ ಅಜ್ಜಿಯಂತೂ ಮೊದಲ ದಿನವೇ ಷರತ್ತು ಹಾಕಿದ್ದರು. "ನಾನು ಯಾರ ಹಂಗಿನಲ್ಲೂ ಇರೋಳಲ್ಲ ಹೆನ್ಯಾ. ನಿನ್ನ ಸೂಪು ಹೇಗಿದೆ ಅಂತ ರುಚಿ ನೋಡಿ ಹೇಳ್ತೀನಿ, ಅಷ್ಟೆ. ನಿನ್ನ ಒಳ್ಳೇದಕ್ಕೇ." ಆರು ವರ್ಷದಿಂದ ಪ್ರತಿ ವಾರ ರುಚಿ ನೋಡುತ್ತಿದ್ದಾರೆ. ಉಪ್ಪು ಇನ್ನೂ ಸರಿಹೋಗಿಲ್ಲವಂತೆ.

ನಮ್ಮದು ಕೋಶರ್ ಅಡುಗೆಮನೆ, ಅಂದರೆ ಯಹೂದಿ ಆಹಾರ ನಿಯಮದ್ದು. ಹುಳ, ರಕ್ತ ನಿಷಿದ್ಧ. ಮಾಂಸದ್ದೂ ಹಾಲಿನದ್ದೂ ಒಂದಕ್ಕೊಂದು ಸೋಕಬಾರದು. ಎಡಗಡೆ ಮಾಂಸದ ಒಲೆ, ಕೆಂಪು ಹಿಡಿಯ ಸೌಟುಗಳು. ಬಲಗಡೆ ಹಾಲಿನ ಒಲೆ, ನೀಲಿ ಹಿಡಿಯವು. ನಿಯಮ ತಪ್ಪುತ್ತದೋ ಎಂದು ನಾನು ಬೇಯಿಸುವುದನ್ನು ನೋಡುತ್ತಾ ಕೂರುವುದು, ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯುವುದು ಗೆಡಾಲ್ಯನ ಕೆಲಸ. ನೋಡುವುದಕ್ಕೇ ಸಂಬಳ! ಇಂಥ ಕೆಲಸ ನನಗ್ಯಾಕೆ ಸಿಗಲಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಗುರುವಾರಗಳು ಮೊಟ್ಟೆಯ ದಿನ. ಒಂದೊಂದನ್ನೂ ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆ ಇಲ್ಲವೆಂದು ಅವನು ಹೇಳಿದ ಮೇಲೆಯೇ ಪಾತ್ರೆಗೆ. ಇನ್ನೂರು ಮೊಟ್ಟೆ. ಮದುವೆಯಾಗದ ಗಂಡು ಹೆಣ್ಣು ಕೈ ತಾಕಿಸುವಂತಿಲ್ಲ, ಹಾಗಾಗಿ ನಾನು ಲೋಟವನ್ನು ಮೇಜಿನ ಮೇಲಿಟ್ಟು ಕೈ ಹಿಂದೆಗೆದ ಮೇಲೆ ಅವನು ಎತ್ತಿಕೊಳ್ಳುತ್ತಿದ್ದ. ಬಗ್ಗಿ ನೋಡುತ್ತಿದ್ದ. "ಸರಿ" ಅನ್ನುತ್ತಿದ್ದ. ಇನ್ನೂರು ಸಲ "ಸರಿ".

ಎರಡು ತಿಂಗಳಾಗುವಷ್ಟರಲ್ಲಿ ಆ "ಸರಿ"ಯಲ್ಲೇ ನೂರು ಬಗೆ ಇವೆಯೆಂದು ನನಗೆ ಗೊತ್ತಾಗಿತ್ತು. ನಿದ್ದೆಗೆಟ್ಟ ಸರಿ, ಹಸಿದ ಸರಿ, ನಗು ತಡೆದ ಸರಿ. ಒಮ್ಮೆ ನಾನು ಮೊಟ್ಟೆ ಒಡೆಯದೆ ಖಾಲಿ ಲೋಟ ಇಟ್ಟೆ.

"ಸರಿ" ಎಂದ.

"ಗೆಡಾಲ್ಯ ಅವರೇ, ಅದರಲ್ಲಿ ಮೊಟ್ಟೆಯೇ ಇಲ್ಲ."

ಅವನ ಕಿವಿ ಕೆಂಪಾಯಿತು. ಆಗ ಅವನು ನೋಡುತ್ತಿದ್ದುದು ಲೋಟವನ್ನಲ್ಲ. ಆದರೂ ನಾನು ಮೂವತ್ತನಾಲ್ಕರವಳು, ಬಾಯಿ ಜೋರು. ಅವನೋ ಹನ್ನೊಂದು ಹೆಣ್ಣು ನೋಡಿ ಹನ್ನೊಂದು ಮನೆಯಲ್ಲೂ ತಲೆ ತಗ್ಗಿಸಿ ಚಹಾ ಕುಡಿದು ಎದ್ದು ಬಂದ ಪ್ರಾಣಿ. ಇವನ ಬಾಯಿಂದ ಮಾತು ಹೊರಡುವುದರೊಳಗೆ ನನಗೂ ಯಾರಾದರೂ ಬಿಸಿ ಊಟ ತಂದುಕೊಡುವ ವಯಸ್ಸಾಗುತ್ತದೆ ಎಂದುಕೊಂಡಿದ್ದೆ.

ಡಿಸೆಂಬರಿನ ಆ ಶುಕ್ರವಾರ ಅವನು ಹೊಸ ಕನ್ನಡಕ ಹಾಕಿಕೊಂಡು ಬಂದ. ಗಡ್ಡ ಒಪ್ಪ ಮಾಡಿಸಿದ್ದ. ಅಷ್ಟೇ ನಡೆದದ್ದು. ಆಮೇಲೆ ಆದದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ.

ಹನ್ನೊಂದರ ಹೊತ್ತಿಗೆ ವ್ಯಾನ್ ಓಡಿಸುವ ಸೈ ಫಿಂಕ್ ಒಳಗೆ ಬಂದ. ಬಸ್ ಡ್ರೈವರ್ ಆಗಿ ನಿವೃತ್ತನಾದವನು, ನಮ್ಮಲ್ಲಿ ಪುಕ್ಕಟೆ ಸೇವೆ ಮಾಡುತ್ತಾನೆ. ಕೋಳಿ ಸೂಪಿನ ಮುಚ್ಚಳ ಎತ್ತಿ ಮೂಸಿದ.

"ಹೆನ್ಯಾ, ಕೋಳಿಯೊಳಗೆ ನೀಲಿ ಹಿಡಿ ಯಾಕಿದೆ?"

ನೋಡಿದೆ. ಹಾಲಿನ ಸೌಟು ನನ್ನ ಕೋಳಿ ಸೂಪಿನಲ್ಲಿ ಆರಾಮಾಗಿ ನಿಂತಿತ್ತು. ಫೋನಿಗೆ ಓಡಿದೆ.

ಸಂಘದ ಧರ್ಮಗುರು ರಬ್ಬಿ ಪ್ಲಾಟ್ಕಿನ್ ಇಪ್ಪತ್ತು ನಿಮಿಷದಲ್ಲಿ ಬಂದರು. ಕೋಟಿನ ಹಿಮವನ್ನೂ ಕೊಡವಲಿಲ್ಲ.

"ಸೌಟು ಸೂಪಿಗೆ ಯಾವಾಗ ಹೋಯಿತು?"

"ಒಂಬತ್ತು ನಲವತ್ತಕ್ಕೆ" ಎಂದೆ. "ಕ್ಯಾರೆಟ್ ಹಾಕಿ ಕಲಕಿದ್ದು ಆಗಲೇ. ನನ್ನದೇ ಕೈ."

"ಅದಕ್ಕೆ ಮುಂಚೆ ಬಿಸಿ ಹಾಲಿನಲ್ಲಿ ಆಡಿದ್ದು ಯಾವಾಗ? ಪೂರ್ತಿ ಒಂದು ಹಗಲು ಒಂದು ರಾತ್ರಿ ಕಳೆದಿದ್ದರೆ ಸೂಪಿಗೆ ದೋಷವಿಲ್ಲ."

"ನಿನ್ನೆ ಬೆಳಿಗ್ಗೆ. ಚೀಸ್ ಹಾಕಿದ ನೂಡಲ್ಸ್ ಮಾಡಿದ್ದೆ. ಎಂಟೂವರೆಯೋ, ಹತ್ತೋ..."

"ಎಂಟೂವರೆಯಾದರೆ ಸರಿ. ಹತ್ತಾದರೆ ಇಲ್ಲ."

"ಪಾತ್ರೆ ಇಷ್ಟು ದೊಡ್ಡದಿದೆಯಲ್ಲ ಗುರುಗಳೇ, ಒಂದು ಸೌಟಿಗೆ ಏನಾಗುತ್ತೆ..." ಎಂದ ಸೈ.

"ದೊಡ್ಡದು ಅಂತ ನನಗೂ ಕಾಣುತ್ತಪ್ಪಾ. ಆದರೆ ತೊಂಬತ್ತು ವರ್ಷ ನಿಯಮ ತಪ್ಪದವರಿಗೆ ಅರ್ಧ ಉತ್ತರ ಬಡಿಸೋಕಾಗಲ್ಲ." ರಬ್ಬಿ ಗೆಡಾಲ್ಯನ ಕಡೆ ತಿರುಗಿದರು. "ಇವತ್ತು ಸೌಟು ಹೋದಾಗ ನೀನೆಲ್ಲಿದ್ದೆ?"

"ಇಲ್ಲೇ. ಈ ಸ್ಟೂಲಿನ ಮೇಲೆ."

"ನೋಡ್ತಿರಲಿಲ್ವಾ?"

"ನೋಡ್ತಿದ್ದೆ. ಪಾತ್ರೆಯನ್ನಲ್ಲ."

"ಮತ್ತೇನನ್ನು?"

ಗೆಡಾಲ್ಯ ನೆಲ ನೋಡಿದ. ನಾನು ಚಾವಣಿ ನೋಡಿದೆ. ಸೈ ನಮ್ಮಿಬ್ಬರನ್ನೂ ನೋಡಿ ಕೆಮ್ಮಿದ.

"ನಿನ್ನೆಯದು ನನಗೆ ಗೊತ್ತು" ಎಂದ ಗೆಡಾಲ್ಯ ಮೆಲ್ಲಗೆ. "ಎಂಟು ಐವತ್ತು."

"ಇವತ್ತು ಪಾತ್ರೆ ನೋಡದವನು ನಿನ್ನೆ ನೋಡಿದ್ದೆ ಅಂದರೆ ನಾನು ಹೇಗಪ್ಪಾ ನಂಬಲಿ? ಬರೆದಿದ್ದೀಯಲ್ಲ, ಪುಸ್ತಕ ಕೊಡು."

ಗೆಡಾಲ್ಯ ಪುಸ್ತಕವನ್ನು ಎದೆಗೆ ಅವುಚಿಕೊಂಡ. "ನಾನೇ ಓದಿ ಹೇಳ್ತೀನಿ."

"ನನ್ನ ಕಣ್ಣಿಗೇನೂ ಆಗಿಲ್ಲ."

"ಅಕ್ಷರ ಕೆಟ್ಟದಾಗಿದೆ, ಗುರುಗಳೇ."

"ಕೊಡು ಮಗು."

ಅವನು ಕೊಡಲಿಲ್ಲ. ಬಿಳುಚಿಕೊಂಡಿದ್ದ. ಬರೆದೇ ಇಲ್ಲ, ಸುಮ್ಮನೆ ನನ್ನನ್ನು ಉಳಿಸಲು ಗಂಟೆ ಹೇಳಿದ್ದಾನೆ ಎಂದುಕೊಂಡೆ. ರಬ್ಬಿ ನಿಟ್ಟುಸಿರು ಬಿಟ್ಟು, "ಹಾಗಾದರೆ ಚೆಲ್ಲಬೇಕು" ಎಂದರು. ಇನ್ನು ನೂರ ಅರವತ್ತು ಮಂದಿಗೆ ಅವತ್ತು ತಣ್ಣನೆಯ ಡಬ್ಬಿ ಮೀನೇ ಗತಿ. ಸೈ ಪಾತ್ರೆಯ ಕಿವಿಗೆ ಬಟ್ಟೆ ಸುತ್ತಿದ.

ಅಷ್ಟರಲ್ಲಿ ಗೋಡೆಯ ಫೋನ್ ಬಡಿದುಕೊಂಡಿತು. ನನ್ನ ಕೈಯೆಲ್ಲ ಜಿಡ್ಡು, ಹಾಗಾಗಿ ಸ್ಪೀಕರ್ ಒತ್ತಿದೆ. ಜುಕರ್ ಅಜ್ಜಿ.

"ಹೆನ್ಯಾ, ಇವತ್ತು ಸ್ವಲ್ಪ ಬೇಗ ಕಳಿಸ್ತೀಯೇನೇ? ನಮ್ಮನೆ ಹೀಟರ್ ಕೆಟ್ಟಿದೆ. ನಿನ್ನೆಯಿಂದ ಚಳಿಗೆ ಹಾಸಿಗೆ ಬಿಟ್ಟು ಒಲೆ ಹತ್ತಿರ ಹೋಗೋಕೂ ಆಗ್ಲಿಲ್ಲ. ಬಿಸಿ ಸೂಪು ಒಂದು ಬಂದ್ರೆ..." ತಡೆದರು. "ರುಚಿ ನೋಡೋಕೆ ಅಂತ ಹೇಳ್ದೆ."

ಆರು ವರ್ಷದಲ್ಲಿ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು. "ಹೀಟರ್‌ಗೆ ಈಗಲೇ ಮೇಲಿನವರನ್ನ ಕಳಿಸ್ತೀನಿ ಅಜ್ಜಿ" ಎಂದೆ.

ಗೆಡಾಲ್ಯ ಎದ್ದು ಬಂದು ಪುಸ್ತಕವನ್ನು ರಬ್ಬಿಯ ಕೈಗಿಟ್ಟ. "ಸೂಪೂ ಬರುತ್ತೆ ಅಂತ ಹೇಳಿ" ಎಂದು ನನಗೆ ಹೇಳಿ, ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಹಾಗೇ ಹೇಳಿ ಫೋನ್ ಇಟ್ಟೆ.

ರಬ್ಬಿಯದು ಪ್ರಾರ್ಥನಾ ಮಂದಿರದ ಕೊನೆಯ ಸಾಲಿಗೂ ಕೇಳುವ ಗಂಟಲು. ಗಟ್ಟಿಯಾಗಿ ಓದದೆ ಅವರಿಗೆ ಓದಲು ಬರುವುದೇ ಇಲ್ಲ.

"ಗುರುವಾರ. ಏಳು ಇಪ್ಪತ್ತು. ಹೆನ್ಯಾ ಅವರು ಒಲೆ ಹೊತ್ತಿಸಿದರು. ಹಸಿರು ತಲೆವಸ್ತ್ರ." ತಲೆ ಎತ್ತಿದರು. "ವಸ್ತ್ರದ ಬಣ್ಣ ಬರೀಬೇಕು ಅಂತ ನಾನು ಯಾವತ್ತು ಹೇಳಿದ್ದೆ?"

ಮತ್ತೆ ಪುಸ್ತಕಕ್ಕೆ ಬಗ್ಗಿದರು.

"ಏಳು ನಲವತ್ತು. ಈರುಳ್ಳಿ ಹೆಚ್ಚಿದರು. ಕಣ್ಣಲ್ಲಿ ನೀರು. ಈರುಳ್ಳಿಯಿಂದಲೇ ಇರಬೇಕು. ಕೇಳಲು ಧೈರ್ಯವಾಗಲಿಲ್ಲ. ಎಂಟು ಐದು. ನಕ್ಕರು. ನನ್ನ ಮಾತಿಗಲ್ಲ, ಸೈ ಮಾತಿಗೆ."

"ನಾನು ಹವಾಮಾನದ ಬಗ್ಗೆ ಹೇಳಿದ್ದಪ್ಪಾ!" ಎಂದ ಸೈ.

"ಎಂಟು ಐವತ್ತು. ಹಾಲಿನ ನೂಡಲ್ಸ್ ಇಳಿಸಿದರು. ನೀಲಿ ಸೌಟು ತೊಳೆದು ಮೊಳೆಗೆ ತೂಗುಹಾಕಿದರು. ಎಡಗೈಯಲ್ಲಿ. ಬಲಗೈಯ ಬೆರಳು ಸುಟ್ಟುಕೊಂಡಿದ್ದಾರೆ. ಯಾರಿಗೂ ಹೇಳಿಲ್ಲ."

ರಬ್ಬಿಯ ದನಿ ತಾನಾಗಿ ಇಳಿಯಿತು. ನಾನು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಹದಿನೈದು ವರ್ಷ ಊರಿಗೆಲ್ಲ ಬಡಿಸಿದವಳು ನಾನು. ನನ್ನ ಬೆರಳು ಸುಟ್ಟದ್ದನ್ನು ನೋಡಿ ಗಂಟೆ ಸಮೇತ ಬರೆದಿಟ್ಟವರು ಯಾರೂ ಇರಲಿಲ್ಲ. ಅಳು ಬಂತು. ಈರುಳ್ಳಿಯ ನೆಪ ಹೇಳಲೂ ಹತ್ತಿರದಲ್ಲಿ ಈರುಳ್ಳಿ ಇರಲಿಲ್ಲ.

ರಬ್ಬಿ ಪುಸ್ತಕ ಮುಚ್ಚಿದರು. "ಇಷ್ಟು ಹತ್ತಿರದಿಂದ ನೋಡಿದವನ ಸಾಕ್ಷಿ ಸುಳ್ಳಾಗೋಲ್ಲ. ದಿನ ಕಳೆದಿದೆ. ಸೂಪು ಕೋಶರ್, ತುಂಬಿಸಿ. ಗೆಡಾಲ್ಯ, ಸೋಮವಾರದಿಂದ ನೀನು ಈ ಅಡುಗೆಮನೆಗೆ ಬರಬೇಡ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಯಾಕೆ ಬರಬಾರದು? ನಿಜ ಬರೆದದ್ದೇ ತಪ್ಪಾಯ್ತಾ? ಹಾಗಾದರೆ ನನ್ನನ್ನೂ ತೆಗೀರಿ! ಸೌಟು ತಪ್ಪಿದ್ದು ನನ್ನ ಕೈಯಲ್ಲಿ. ಯಾಕೆ ಗೊತ್ತಾ? ನಾನೂ ಪಾತ್ರೆ ನೋಡ್ತಿರಲಿಲ್ಲ. ಈ ಮನುಷ್ಯನ ಹೊಸ ಕನ್ನಡಕ ನೋಡ್ತಿದ್ದೆ!"

ಆಡಿದ ಮೇಲೆ ಗೊತ್ತಾಯಿತು ಏನು ಆಡಿದೆನೆಂದು. ಗೋಡೆ ನೋಡುತ್ತಿದ್ದ ಗೆಡಾಲ್ಯ ಮೆಲ್ಲನೆ ಇತ್ತ ತಿರುಗಿದ.

"ಕೆಲಸದಿಂದ ತೆಗೆದೆ ಅಂತ ಯಾರು ಹೇಳಿದ್ರು?" ಎಂದರು ರಬ್ಬಿ. "ವೃದ್ಧಾಶ್ರಮದ ಅಡುಗೆಮನೆಗೆ ಹಾಕ್ತೀನಿ. ಅಲ್ಲಿನ ಅಡುಗೆಯವನಿಗೆ ಅರವತ್ತೈದು, ಹೊಟ್ಟೆ ಇಷ್ಟು ದಪ್ಪ. ಇವನು ಪಾತ್ರೆ ನೋಡೋದು ಬಿಟ್ಟು ಬೇರೆ ದಾರಿ ಇರೋಲ್ಲ. ಸೈ, ಬಾಪ್ಪಾ, ವ್ಯಾನ್ ಬಾಗಿಲು ತೆಗಿ."

"ತೆಗೆದೇ ಇದೆ ಗುರುಗಳೇ."

"ಇನ್ನೊಂದು ಸಲ ತೆಗಿ!"

ನಾವಿಬ್ಬರೂ ಡಬ್ಬಿ ತುಂಬಿಸಿದೆವು. ಗೆಡಾಲ್ಯ ಮುಚ್ಚಳ ಒತ್ತಿದ, ನಾನು ಹೆಸರು ಅಂಟಿಸಿದೆ. ಕೊನೆಯ ಕ್ರೇಟ್ ಭಾರವಾಗಿತ್ತು. ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆ ನಾನು. ನಡುವೆ ಹದಿನಾರು ಜನರ ಸೂಪು. ಯಾವ ನಿಯಮವೂ ಮುರಿಯಲಿಲ್ಲ.

ಹಿಂಬಾಗಿಲ ಮೆಟ್ಟಿಲುಗಳ ಮೇಲೆ ಹಿಮ ಗಟ್ಟಿಯಾಗಿತ್ತು. ಅವನು ಮೊದಲ ಮೆಟ್ಟಿಲಲ್ಲಿ ನಿಂತ.

"ಹೆನ್ಯಾ."

"ಏನು?"

"ಹನ್ನೊಂದು ಮನೆಯಲ್ಲೂ ನನಗೆ ಮಾತು ಬರಲಿಲ್ಲ."

"ಗೊತ್ತು. ಊರಿಗೆಲ್ಲ ಗೊತ್ತು."

"ಇಲ್ಲಿ ದಿನಕ್ಕೆ ಎರಡು ಪುಟ ಬರುತ್ತಿತ್ತು." ಅವನ ಕಿವಿ ಮತ್ತೆ ಕೆಂಪಾಗಿತ್ತು, ಚಳಿಗೋ ಏನೋ. "ನನ್ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಈಗ ನನ್ನನ್ನ ನೋಡಬೇಡ, ಮೆಟ್ಟಿಲು ನೋಡು."

ಅವನು ಮೆಟ್ಟಿಲು ನೋಡಲಿಲ್ಲ. ಎಡವಿದ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಒಂದು ಹನಿ ಸೂಪೂ ಚೆಲ್ಲಲಿಲ್ಲ.