ಪುಣಜನೂರಿನ ಗಾಲಿಮನೆ ಕಳವು

ಡಿಸೆಂಬರ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ, ಚಾಮರಾಜನಗರದ ಪೊಲೀಸ್ ಠಾಣೆಗೆ ಗಂಡ ಹೆಂಡತಿ ಬಂದರು. ಇಬ್ಬರ ಕೈಯಲ್ಲೂ ಒಂದೊಂದು ತುಂಬಿದ ನೀರಿನ ಕ್ಯಾನು. ಮನೆ ಕಳ್ಳತನವಾಗಿದೆ ಎಂದರು. ಮನೆಯಲ್ಲಿ ಏನೇನು ಹೋಯಿತು ಎಂದು ಕೇಳುತ್ತ ಹೆಡ್ ಕಾನ್‌ಸ್ಟೇಬಲ್ ರಂಗನಾಯಕ ಪೆನ್ನು ತೆಗೆದ.

"ಮನೇನೇ ಹೋಯ್ತು ಸಾರ್," ಎಂದ ಗಂಡ.

ಆತ ಅಕೀಬ್, ಗುಂಡ್ಲುಪೇಟೆಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವನು. ಹೆಂಡತಿ ಸುಮಯ್ಯ. ಹಳೆಯ ಮಿನಿಬಸ್ಸೊಂದನ್ನು ತಂದು, ಬಿಡುವಾದಾಗಲೆಲ್ಲ ಬಡಿದು ಬೆಸೆದು, ಅದರೊಳಗೆ ಮನೆ ಮಾಡಿಕೊಂಡಿದ್ದರು: ಮಂಚ, ಒಲೆ, ಸಿಂಕು, ನೆತ್ತಿಯ ಮೇಲೆ ಸೋಲಾರ್. ಕರೆಂಟಿನ ತಂತಿ ಬೇಡ, ನಲ್ಲಿಯ ಪೈಪು ಬೇಡ. ಕಾಡಂಚಿನಲ್ಲಿ ಎಲ್ಲಿ ನಿಲ್ಲಿಸಿದರೆ ಅಲ್ಲೇ ಸಂಸಾರ. ಮೊದಲ ರಾತ್ರಿಯನ್ನು ಪುಣಜನೂರಿನಲ್ಲಿ ಪರಿಚಯದವರ ಹೊಲದಲ್ಲಿ ಕಳೆದಿದ್ದರು. ಬೆಳಿಗ್ಗೆ ಟ್ಯಾಂಕಿನ ತಳ ಕಂಡಿತು. ಊರೊಳಗಿನ ಬೋರ್‌ವೆಲ್‌ಗೆ ಹೋಗಿ ನೀರು ಹೊತ್ತು ಬರುವಷ್ಟರಲ್ಲಿ ಹೊಲ ಖಾಲಿ. ಕ್ಯಾನು ಹಿಡಿದುಕೊಂಡೇ ಬಸ್ಸು ಹತ್ತಿದ್ದರು.

ಇನ್ಸ್‌ಪೆಕ್ಟರ್ ಬೃಂದಾ ಎಫ್‌ಐಆರ್ ದಾಖಲಿಸಿದರು. ಗಾಡಿ ಘಾಟಿ ಇಳಿದು ತಮಿಳುನಾಡಿಗೆ ಹೋಯಿತೆಂದರೆ ಬಿಡಿಭಾಗವಾಗಿ ಹಂಚಿಹೋಗುತ್ತದೆ, ಮತ್ತೆ ಸಿಕ್ಕುವ ಮಾತಿಲ್ಲ. ಹಾಗಾಗಿ ಮೊದಲು ಚೆಕ್‌ಪೋಸ್ಟಿಗೆ ಫೋನು. ಅಂಥ ಗಾಡಿ ದಾಟಿಲ್ಲ ಎಂದು ಉತ್ತರ ಬಂತು. ಸುಮಯ್ಯ ಆಗ ಕ್ಯಾನು ಕೆಳಗಿಟ್ಟಳು. ಅಲ್ಲಿಯತನಕ ಹಿಡಿದೇ ನಿಂತಿದ್ದಳು, ಪಾಪ.

ಹನ್ನೊಂದಕ್ಕೆ ಹೊಲದಲ್ಲಿ ಸ್ಥಳ ಪಂಚನಾಮೆ. ಚಕ್ರ ನಿಂತಿದ್ದ ನಾಲ್ಕು ಕಡೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿದ್ದವು. ಮುಂದೆ ಒಡೆದ ತೆಂಗಿನಕಾಯಿ, ಕಲ್ಲಿನ ಮೇಲೆ ಕರ್ಪೂರದ ಮಸಿ. ತಾವು ಇದನ್ನೆಲ್ಲ ಮಾಡಿಲ್ಲ ಎಂದ ಅಕೀಬ್. ರಂಗನಾಯಕನ ಸರ್ವಿಸಿನಲ್ಲೇ ಇಂಥದ್ದಿಲ್ಲ: ಕಳ್ಳ ಕದಿಯುವ ಮೊದಲು ಗಾಡಿಗೆ ಪೂಜೆ ಮಾಡಿದ್ದಾನೆ.

"ಕೀ ಎಲ್ಲಿತ್ತು?" ಬೃಂದಾ ಕೇಳಿದರು.

"ಒಂದು ಜೇಬಲ್ಲಿ. ಇನ್ನೊಂದು..." ಅಕೀಬ್ ತಲೆ ಕೆರೆದುಕೊಂಡ. "ಬಂಪರ್ ಹಿಂದೆ, ಮೇಡಂ."

"ಅಲ್ಲಿ ಯಾಕೆ?"

"ಲಾರಿಯೋರೆಲ್ಲ ಅಲ್ಲೇ ಇಡೋದು."

"ಸರಿ. ಹಾಗಾದ್ರೆ ತಗೊಂಡವನೂ ಲಾರಿಯೋನೇ."

ಊರಿನ ಪೆಟ್ಟಿಗೆ ಅಂಗಡಿ ಕುಮಾರಿ ಎಂಬಾಕೆಯದು. ಬೆಳಿಗ್ಗೆ ನಿಂಬೆಹಣ್ಣು ಯಾರು ಕೊಂಡರು ಎಂದು ಕೇಳಿದ್ದೇ ತಡ, ಆಕೆ ಬಾಯಿಬಿಟ್ಟಳು. ಕುದೇರಿನ ಬಸವಣ್ಣ, ಲಾರಿ ಓಡಿಸಿ ಓಡಿಸಿ ಈಗ ಬಿಟ್ಟವರು, ಹೆಂಡತಿ ಜೊತೆ ಇದೇ ಊರಲ್ಲಿರುವ ಮಗಳ ಮನೆಗೆ ಬಂದಿದ್ದರಂತೆ. "ಒಂದ್ ಸಾಲ್ದಾ ಅಂದೆ ಕಣಮ್ಮ. ಚಕ್ರ ನಾಕವೆ, ಒಂದ್ ಎಂಗ್ ಸಾಲ್ತದೆ ಅಂದ್ರು," ಎಂದಳು.

ಜೀಪು ಕುದೇರು ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಹುಡುಕುವ ತೊಂದರೆಯೇ ಇರಲಿಲ್ಲ. ಊರ ಮುಂದಿನ ಹುಣಸೆಮರದ ಕೆಳಗೆ ಗಾಲಿಮನೆ ನಿಂತಿತ್ತು, ಬಾಗಿಲಿಗೆ ಹೆಂಗಸರು ಸಾಲುಗಟ್ಟಿದ್ದರು. ಬಸವಣ್ಣನ ಹೆಂಡತಿ ಲಕ್ಷ್ಮಿದೇವಿ ಮಹಾರಾಣಿಯ ಹಾಗೆ ಸಿಂಕಿನ ನಲ್ಲಿ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು. ಅಕೀಬ್ ಓಡಿಹೋಗಿ ಗಾಡಿಯ ಮೈ ಸವರಿದ. ಒಂದು ಗೀರೂ ಇಲ್ಲ. ಸೋಲಾರ್ ಒರೆಸಿದೆ, ಟ್ಯಾಂಕು ಕಂಠಮಟ್ಟ ತುಂಬಿದೆ, ಮೆಟ್ಟಿಲ ಮುಂದೆ ರಂಗೋಲಿ. ಅವನಿಗೆ ನಗು ತಡೆಯಲಾಗಲಿಲ್ಲ.

ಖಾಕಿ ಕಂಡು ಲಕ್ಷ್ಮಿದೇವಿ ಗಂಡನ ಕಡೆ ತಿರುಗಿದಳು. "ಗಾಡಿ ಸ್ನೇಯಿತ್ನದು ಅಂದ್ಯಲ್ಲೋ ಮೂದೇವಿ!"

ಬಸವಣ್ಣ ತಪ್ಪಿಸಿಕೊಳ್ಳುವ ಮಾತಾಡಲಿಲ್ಲ.

"ಯಾಕೆ ತಗೊಂಡ್ರಿ?" ಬೃಂದಾ ಕೇಳಿದರು.

"ಬೊಂಬಾಯಿ, ಕಲ್ಕತ್ತ ಎಲ್ಲಾ ಸುತ್ಬುಟ್ಟೆ ಕಣಮ್ಮ. ಇವ್ಳನ್ನ ಒಂದ್ ದಿನಾನೂ ಪಕ್ಕದಲ್ಲಿ ಕೂರುಸ್ಕೊಳ್ಳಿಲ್ಲ, ಓನರ್‌ಗೋಳು ಬುಡ್ತಿರ್ಲಿಲ್ಲ. ಬೆಳಿಗ್ಗೆ ಈ ಗಾಡಿ ನೋಡಿ, ನಿನ್ ಲಾರಿ ಇಂಗಿದ್ದಿದ್ರೆ ನಾನೂ ಬತ್ತಿದ್ದೆ ಅಂದ್ಳು. ಕೈ ತಾನೇ ಬಂಪರ್ ಹಿಂದ್ಕೆ ಓಯ್ತು. ಸಂಜ್ಗೆ ವಾಪಸ್ ಬುಡನ ಅಂತಿದ್ದೆ."

ಕಾನೂನು ಕಾನೂನೇ. ದಸ್ತಗಿರಿ ಆಯಿತು, ಜಪ್ತಿ ಪಂಚನಾಮೆ ಆಯಿತು. ರಂಗೋಲಿಯನ್ನೂ ಬಿಡದೆ ಬರೆದುಕೊಂಡ ರಂಗನಾಯಕ. ಇನ್ನು ಗಾಡಿ ಠಾಣೆಗೆ ಹೋಗಬೇಕು. ಅಕೀಬ್ ಕೀ ಹಿಡಿದು ಸ್ಟೇರಿಂಗ್ ಕಡೆ ನಡೆದವನು ನಿಂತ. ಲಕ್ಷ್ಮಿದೇವಿ ಸೆರಗಿನಿಂದ ಮುಂದಿನ ಸೀಟಿನ ಧೂಳು ಒರೆಸಿ, ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿಯುತ್ತಿದ್ದಳು. ಸುಮಯ್ಯ ಗಂಡನನ್ನು ಮೊಣಕೈಯಲ್ಲಿ ತಿವಿದಳು.

"ಇದರ ಗೇರು ಸ್ವಲ್ಪ ಮೊಂಡು ಮೇಡಂ," ಎಂದ ಅಕೀಬ್. "ಅವ್ರ ಕೈಗೆ ಒಗ್ಗಿದೆ."

ಬೃಂದಾ ಜೀಪಿನ ಕಡೆ ಹೆಜ್ಜೆ ಹಾಕಿದರು. "ಆರೋಪೀನ ಠಾಣೆಗೆ ಕರ್ಕೊಂಡ್ ಹೋಗ್ಬೇಕು ಅಷ್ಟೆ. ಯಾವ ಸೀಟಲ್ಲಿ ಅಂತ ಎಲ್ಲೂ ಬರೆದಿಲ್ಲ."

ಬಸವಣ್ಣ ಓಡಿಸಿದ. ಪಕ್ಕದಲ್ಲಿ ಲಕ್ಷ್ಮಿದೇವಿ, ಹಿಂದೆ ಮಂಚದ ಮೇಲೆ ಅಕೀಬ್, ಸುಮಯ್ಯ, ರಂಗನಾಯಕ. ಇನ್ಸ್‌ಪೆಕ್ಟರ್ ಜೀಪು ಬೆನ್ನಿಗೆ. ಅವಸರ ಮಾಡು ಎಂದು ಯಾರೂ ಹೇಳಲಿಲ್ಲ. ಲಕ್ಷ್ಮಿದೇವಿ ಕಿಟಕಿ ಗಾಜು ಇಳಿಸಿಕೊಂಡು ಎದುರು ಬಂದ ಲಾರಿಗಳಿಗೆಲ್ಲ ಕೈ ಬೀಸಿದಳು, ಪ್ರತಿ ಲಾರಿಗೂ ಬಸವಣ್ಣ ಹಾರನ್ ಹೊಡೆದ. ಮುಂದೆ ಕೋರ್ಟಿನಲ್ಲಿ ಅಕೀಬ್ ರಾಜಿಯಾದ, ಅದು ಬೇರೆ ಮಾತು.

ಠಾಣೆಯ ಗೇಟಿನೊಳಗೆ ಗಾಡಿ ನಿಂತಿತು. ಎಲ್ಲರೂ ಇಳಿದರೂ ಲಕ್ಷ್ಮಿದೇವಿ ಸೀಟು ಬಿಟ್ಟು ಏಳಲಿಲ್ಲ.

"ಇಷ್ಟ್ ಬಿರ್ನೆ ಬಂದ್ಬುಡ್ತಾ?" ಎಂದು ಗಂಡನನ್ನು ಕೇಳಿದಳು.