ಪಕ್ಕದ ಕ್ಯಾಬಿನ್ನಿನ ಎದುರಾಳಿ

ಸಂಘಮಿತ್ರ ಮನಸಾರೆ ಶಪಿಸುತ್ತಿದ್ದ ಹುಡುಗಿ ಈ ಲೋಕದಲ್ಲಿ ಒಬ್ಬಳೇ. ಅವಳ ಹೆಸರು ವೆರೋನಿಕಾ.

ವೆರೋನಿಕಾ ನಿಜವಾದ ಹುಡುಗಿಯಲ್ಲ, ಬೊಂಬೆ. ಕಂಪ್ಯೂಟರಿನಲ್ಲಿ ಚುಕ್ಕಿಗೆ ಚುಕ್ಕಿ ಸೇರಿಸಿ ಬರೆದ, ಹೆಬ್ಬೆರಳೆತ್ತರದ ಪಿಕ್ಸೆಲ್ ಬೊಂಬೆ. ಇಂಟರ್ನೆಟ್ಟಿನ ಒಂದು ಫೋರಮ್ಮಿನಲ್ಲಿ ಇಂಥ ಬೊಂಬೆಗಳಿಗೆ ಮಾಡೆಲಿಂಗ್ ಸ್ಪರ್ಧೆ ನಡೆಯುತ್ತಿತ್ತು. ವಾರಕ್ಕೊಂದು ಜಾಹೀರಾತು: ಒಂದು ವಾರ ಟೂತ್‌ಪೇಸ್ಟು, ಒಂದು ವಾರ ಛತ್ರಿ, ಇನ್ನೊಂದು ವಾರ ಚಾಕೊಲೇಟು. ಬೊಂಬೆಗೆ ಬಟ್ಟೆ ತೊಡಿಸಿ, ತಲೆ ಬಾಚಿ, ಆ ವಸ್ತುವಿನ ಪಕ್ಕ ನಿಲ್ಲಿಸಿ ಕಳಿಸಬೇಕು. ಯಾವ ಯಾವುದೋ ದೇಶದಲ್ಲಿ ಕೂತ ಜಡ್ಜುಗಳು ವಾರಕ್ಕೊಬ್ಬರನ್ನು ಮನೆಗೆ ಕಳಿಸುತ್ತಿದ್ದರು. ಸಂಘಮಿತ್ರಳ ಬೊಂಬೆ ತಾರಾ. ತಾರಾ ಎಷ್ಟು ಚೆಂದ ನಕ್ಕರೂ ಮೊದಲ ಸ್ಥಾನ ವೆರೋನಿಕಾಗೇ ಹೋಗುತ್ತಿತ್ತು.

ಇದು ೨೦೦೬ರ ಮಾತು. ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಮಿಸ್ ಆಗಿದ್ದ ಸಂಘಮಿತ್ರ, ಸಂಜೆಯಾದರೆ ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಹಾಜರು. ಒಂದು ದಿನ ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದವಳು, ಏಳುವಾಗ ಪಕ್ಕದ ಕ್ಯಾಬಿನ್ನಿನ ಸ್ಕ್ರೀನ್ ನೋಡಿ ಹಾಗೇ ನಿಂತುಬಿಟ್ಟಳು.

ಅಲ್ಲಿ ವೆರೋನಿಕಾ ನಿಂತಿದ್ದಳು. ಅವಳ ತುಟಿಗೆ ಬಣ್ಣ ಬಳಿಯುತ್ತಿದ್ದವನು ದಪ್ಪ ಮೀಸೆಯ, ಗೋಧಿ ಬಣ್ಣದ ಒಬ್ಬ ಯುವಕ.

"ಇದು ವೆರೋನಿಕಾ ಅಲ್ವಾ?"

ಅವನು ಗಾಬರಿಯಾಗಿ ಸ್ಕ್ರೀನಿಗೆ ಎರಡೂ ಕೈ ಅಡ್ಡ ಹಿಡಿದ. "ಯಾವ ವೆರೋನಿಕಾ ರೀ? ಇದು ಮದುವೆ ಕಾರ್ಡಿನ ಡಿಸೈನು."

"ಮದುವೆ ಹೆಣ್ಣು ಸ್ವಿಮ್‌ಸೂಟಲ್ಲಿ ಇದಾಳೆ."

ಆ ವಾರ ಸನ್‌ಸ್ಕ್ರೀನ್ ಜಾಹೀರಾತು. ಅವನ ಕಿವಿ ಕೆಂಪಾಯಿತು. ಕೈ ಇಳಿಸಿ, ಅವಳನ್ನು ಒಮ್ಮೆ ಪೂರ್ತಿ ನೋಡಿದ. "ತಾರಾ ನಿಮ್ಮದಾ?"

"ಹೂಂ."

"ಛತ್ರಿ ರೌಂಡಲ್ಲಿ ಸೀರೆ ಸೆರಗಿನ ಮೇಲೆ ಮಳೆ ಹನಿ ಕೂರಿಸಿದ್ರಲ್ಲ, ಅವತ್ತು ನಂಗೆ ನಿದ್ದೆ ಬರ್ಲಿಲ್ಲ."

"ಗೆದ್ದಿದ್ದು ನೀವು."

"ಅದಕ್ಕೇ ಬರ್ಲಿಲ್ಲ."

ಇಷ್ಟು ದಿನ ಸಂಗ್ರಹಿಸಿಟ್ಟಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಅವಳಿಗೆ ಸಿಗಲಿಲ್ಲ.

ಅವನು ಚಿರಂಜೀವಿ. ಶಿಡ್ಲಘಟ್ಟದ ಪ್ರೆಸ್ಸೊಂದರಲ್ಲಿ ಡಿಸೈನರ್, ಊರು ಜಂಗಮಕೋಟೆ, ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಬೊಂಬೆ ಬರೆಯುವ ವಿಷಯ ಗೆಳೆಯರಿಗೆ ಗೊತ್ತಾದರೆ ಊರು ಬಿಡಬೇಕಾಗುತ್ತದೆ ಎಂದು ಅವಳ ಬಾಯಿಗೆ ಬೀಗ ಹಾಕಿಸಿಕೊಂಡ. ಆ ಬೀಗದ ಬಾಡಿಗೆಯಾಗಿ, ಸೆಂಟರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಮೌಸು ದಿನವೂ ಅವಳ ಕ್ಯಾಬಿನ್ನಿಗೆ ಬರತೊಡಗಿತು.

ಕರೆಂಟು ಹೋದರೆ ಇಬ್ಬರಿಗೂ ಖುಷಿ. ಕತ್ತಲಾದ ಸ್ಕ್ರೀನುಗಳ ಮುಂದೆ ಮಾತು ಬಿಟ್ಟರೆ ಬೇರೇನೂ ಕೆಲಸವಿರಲಿಲ್ಲ; ಅವಳ ಮನೆಯವರ ಕಥೆಯೆಲ್ಲ ಅವನಿಗೆ ಗೊತ್ತಾದದ್ದು ಹಾಗೇ.

"ನಿಮ್ಮ ವೆರೋನಿಕಾ ಕಣ್ಣು ಈಚೆಗೆ ಯಾಕೋ ದಪ್ಪ ಆಗ್ತಿದೆ," ಎಂದಳು ಒಂದು ಸಂಜೆ.

"ನೋಡಿ ಬರೆಯೋಕೆ ಈಗ ಪಕ್ಕದಲ್ಲೇ ಮಾಡೆಲ್ ಇದಾರೆ."

ಅವಳು ಬಾಗಿಲ ಕಡೆ ತಿರುಗಿಕೊಂಡಳು. ತಿರುಗಿದರೂ ಅವನು ನೋಡುತ್ತಿರುವುದು ಕೆನ್ನೆಗೆ ಗೊತ್ತಾಗುತ್ತಿತ್ತು. ಕರೆಂಟು ಬೇಗ ಬರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮೂವರ ಫೈನಲ್ಲಿಗೆ ಇವರಿಬ್ಬರೂ ಬಂದರು. ಕೊನೆಯ ಜಾಹೀರಾತು ಸೆಂಟಿನದು.

"ವಾಸನೇನ ಚುಕ್ಕಿಯಲ್ಲಿ ಹೆಂಗೆ ತೋರ್ಸೋದು?" ಎಂದು ಅವಳು ತಲೆ ಕೆಡಿಸಿಕೊಂಡಿದ್ದಾಗ ಅವನು ಕೀಬೋರ್ಡ್ ನೋಡುತ್ತಾ ಹೇಳಿದ, "ಭಾನುವಾರ ಮನೆಗೆ ಬನ್ನಿ. ಅಮ್ಮ ನಿಮ್ಮನ್ನ ನೋಡ್ಬೇಕಂತೆ."

ಅಮ್ಮ ಯಾಕೆ ನೋಡಬೇಕು ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಆ ರಾತ್ರಿ ಅವಳಿಗೆ ಸಂತೋಷದ ಜೊತೆಗೆ ಭಯವೂ ಆಯಿತು. ತಂದೆ ಅಂಬರೀಶ್ ಮೇಷ್ಟ್ರು ತೊಂಡೇಬಾವಿ ಕಡೆಯವರು. ಅವರಪ್ಪನಿಗೆ ಊರಿನಲ್ಲಿ ಲೋಟ ಮುಟ್ಟಲು ಬಿಡದೆ ಬೊಗಸೆಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಓದಿ ಮೇಷ್ಟ್ರಾದ ಮೇಲೆ ಅವರು ಬೌದ್ಧರಾದರು, ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟರು. "ಯಾರ ಮನೆ ಬಾಗಿಲಲ್ಲೂ ಕಾಯಬೇಡ ಕಣಮ್ಮ" ಎನ್ನುವುದು ಅವರು ಅವಳಿಗೆ ಹೇಳಿಕೊಟ್ಟ ಮೊದಲ ಪಾಠ. ಚಿರಂಜೀವಿಯ ಮನೆಯವರು ತಲೆತಲಾಂತರದಿಂದ ಜಮೀನುಳ್ಳವರು. ಆ ಬಾಗಿಲು ಹೇಗಿರುತ್ತದೋ ಎಂಬುದೊಂದೇ ಅವಳ ಚಿಂತೆ.

ಭಾನುವಾರ ಅವಳು ತಿಳಿಹಸಿರು ಚೂಡಿದಾರ ಹಾಕಿಕೊಂಡಳು. ಜಾಹೀರಾತಿಗೆ ಬೇಕೆಂದು ಚಿಕ್ಕಬಳ್ಳಾಪುರದಿಂದ ತಂದಿದ್ದ ಸೆಂಟನ್ನು ಕೈಗೆ, ಕತ್ತಿಗೆ, ಸಾಲದೆಂದು ದುಪಟ್ಟಾಕ್ಕೂ ಹಚ್ಚಿಕೊಂಡಳು. ಆಟೋದಲ್ಲಿದ್ದವರೆಲ್ಲ ತಿರುಗಿ ನೋಡಿದಾಗ ಒಳಗೊಳಗೇ ಬೀಗಿದಳು.

ಮನೆಯ ಮುಂದೆ ಅವನಿರಲಿಲ್ಲ. ಬಾಗಿಲಲ್ಲಿ ಅವನ ತಾಯಿ ಅಕ್ಕಯ್ಯಮ್ಮ ನಿಂತಿದ್ದರು. ನಗುತ್ತಲೇ ಎರಡು ಹೆಜ್ಜೆ ಮುಂದೆ ಬಂದರು. ಇದ್ದಕ್ಕಿದ್ದಂತೆ ನಗು ನಿಂತಿತು. ಸೆರಗನ್ನು ಮೂಗಿಗೆ ಹಿಡಿದು ಹಿಂದೆ ಸರಿದರು.

"ಅಲ್ಲೇ ನಿಲ್ಲಮ್ಮ. ಒಳಗೆ ಬರಬ್ಯಾಡ."

ಸಂಘಮಿತ್ರ ಎತ್ತಿದ ಹೆಜ್ಜೆಯನ್ನು ಹಿಂದಿಟ್ಟಳು.

"ಓದಿರೋಳು, ನಿಂಗಾದ್ರೂ ಗೊತ್ತಾಗಬಾರ್ದಾ?" ಎನ್ನುತ್ತಾ ಒಳಗೆ ಹೋಗಿ ಒಂದು ಲೋಟ ನೀರು ತಂದರು. ಕೈಗೆ ಕೊಡಲಿಲ್ಲ. ಜಗಲಿಯ ತುದಿಯಲ್ಲಿಟ್ಟು, "ಕುಡಿದು ಅಲ್ಲೇ ಕೂತಿರು, ಅವ್ನು ಸೊಪ್ಪಿಗೆ ಹೋಗವ್ನೆ, ಬರ್ತಾನೆ" ಎಂದು ಒಳಗೆ ಮರೆಯಾದರು.

ಅವಳು ನೀರು ಕುಡಿಯಲಿಲ್ಲ, ಕೂರಲೂ ಇಲ್ಲ. ರಸ್ತೆಯವರೆಗೆ ಹೇಗೆ ನಡೆದಳೋ ಅವಳಿಗೇ ನೆನಪಿಲ್ಲ. ಅಳು ಬಂದಿದ್ದು ಆಟೋ ಹತ್ತಿದ ಮೇಲೆ. ಅವನ ಅಮ್ಮನ ಮೇಲೆ ಬಂದ ಸಿಟ್ಟಿಗಿಂತ, ಆಸೆಪಟ್ಟುಕೊಂಡು ಹೋದ ತನ್ನ ಮೇಲೆ ಬಂದ ಸಿಟ್ಟೇ ದೊಡ್ಡದಾಗಿತ್ತು.

ಆಮೇಲೆ ಬ್ರೌಸಿಂಗ್ ಸೆಂಟರಿನ ಕಡೆ ಅವಳು ತಲೆ ಹಾಕಲಿಲ್ಲ. ತಾರಾಳ ಸೆಂಟಿನ ಚಿತ್ರ ಅರ್ಧಕ್ಕೇ ನಿಂತಿತು. ಗಡುವು ಮುಗಿದ ಮರುದಿನ ಚಿರಂಜೀವಿ ಶಾಲೆಯ ಗೇಟಿಗೇ ಬಂದ. ಗಡ್ಡ ಬೆಳೆದಿತ್ತು.

"ಯಾಕ್ರೀ ಹಂಗೆ ಹೇಳದೆ ಹೋದ್ರಿ? ಫೈನಲ್ಲಿಗೂ ಕಳಿಸ್ಲಿಲ್ಲ."

"ಕಪ್ ನಿಮಗೇ ಬಂತಲ್ಲ, ಬಿಡಿ."

"ನೀವಿಲ್ದೆ ಯಾವ ಫೈನಲ್ಲು? ನಾನೂ ಕಳಿಸ್ಲಿಲ್ಲ. ಮೂರನೇದವಳು ಯಾರೋ ಫಿನ್‌ಲೆಂಡಿನವಳು, ಏನೂ ಮಾಡ್ದೆ ಗೆದ್ಬಿಟ್ಲು."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಅವತ್ತು ನೇರವಾಗಿ ಅವನ ಮುಖ ನೋಡಿ ಹೇಳಿದಳು. "ನಿಮ್ಮಮ್ಮ ನನ್ನ ಬಾಗಿಲಲ್ಲೇ ನಿಲ್ಲಿಸಿದ್ರು. ಮೂಗು ಮುಚ್ಕೊಂಡ್ರು. ನೀರನ್ನ ಜಗಲಿ ಮೇಲಿಟ್ರು. ನಮ್ಮ ತಾತನಿಗೂ ಹಿಂಗೇ ಮಾಡ್ತಿದ್ರು. ನಿಮಗೆ ನಾನ್ಯಾರು ಅಂತ ಗೊತ್ತಿದ್ದೂ ಯಾಕೆ ಕರೆದ್ರಿ?"

ಅವನ ಮುಖ ಬಿಳಿಚಿಕೊಂಡಿತು.

"ಸೆಂಟು ಹಾಕ್ಕೊಂಡಿದ್ರಾ?"

"ಹಾಕ್ಕೊಂಡಿದ್ದೆ. ಅದಕ್ಕೇನು?"

"ಮನೆ ತುಂಬಾ ಹುಳ ಇತ್ತು, ನಾಲ್ಕನೇ ಜ್ವರದಲ್ಲಿ. ಪೊರೆ ಬಿಡೋಕೆ ಮುಂಚೆ ಮಲಗ್ತವಲ್ಲ, ಅದು. ಆಗ ಘಾಟು ವಾಸನೆ ತಾಗಿದ್ರೆ ಎಲೆ ಮುಟ್ಟಲ್ಲ, ಸಾಯ್ತವೆ. ಅಮ್ಮ ಊದುಬತ್ತೀನೂ ಹಚ್ಚಲ್ಲ. ನನ್ನ ಶೇವಿಂಗ್ ಲೋಷನ್ನೂ ಪ್ರೆಸ್ಸಲ್ಲೇ ಇರುತ್ತೆ. ಕೈಗೆ ವಾಸನೆ ಅಂಟಬಾರ್ದು ಅಂತ ಲೋಟ ಕೆಳಗಿಟ್ಟಿರ್ತಾರೆ. ಇಲ್ಲಿಯವರಿಗೆ ಇದು ಗೊತ್ತೇ ಇರುತ್ತೆ ಅಂದ್ಕೊಂಡಿದಾರೆ."

ಅವಳಿಗೆ ನಂಬಬೇಕೆನಿಸಿತು. ಅಷ್ಟೊಂದು ಅನಿಸಿದ್ದರಿಂದಲೇ ಹಿಂಜರಿದಳು. ತೊಂಡೇಬಾವಿಯವರಿಗೆ ಗೊತ್ತಿರುವುದು ಜೋಳ, ಕಡಲೆಕಾಯಿ. ಹುಳದ ಮನೆಯ ಕಟ್ಟಳೆ ಅವಳಿಗೆಲ್ಲಿ ಗೊತ್ತು?

"ಇಂಥ ಕಾರಣಗಳು ನಮಗೆ ಹೊಸದಲ್ಲ," ಎಂದಳು.

"ಗೊತ್ತು. ನಿಮ್ಮ ಜಾಗದಲ್ಲಿ ನಾನಿದ್ರೂ ಹಂಗೇ ಅಂದ್ಕೊತಿದ್ದೆ. ನನ್ನ ಮಾತು ನಂಬಬೇಡಿ. ಭಾನುವಾರ ಇನ್ನೊಂದ್ಸಲ ಬನ್ನಿ. ಬಾಗಿಲು ನೋಡಿ ತೀರ್ಮಾನ ಮಾಡಿ."

ಹೋಗಬಾರದು ಎಂದು ಶನಿವಾರದವರೆಗೂ ಅಂದುಕೊಂಡಳು. ಭಾನುವಾರ ಬೆಳಿಗ್ಗೆ ಸೀಗೆಪುಡಿಯಲ್ಲಿ ಮಿಂದು, ಹೂವೂ ಮುಡಿಯದೆ ಆಟೋ ಹತ್ತಿದಳು.

ಅಕ್ಕಯ್ಯಮ್ಮ ಅಂಗಳದಲ್ಲೇ ಇದ್ದರು. ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಹಳದಿಗೆ ತಿರುಗಿದ ಹುಳ. ಚಿರಂಜೀವಿ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಆನಿಸುತ್ತಿದ್ದವನು ಹಾಗೇ ನಿಂತ.

ಸಂಘಮಿತ್ರ ಹೊಸ್ತಿಲಿನ ಆಚೆಯೇ ನಿಂತು ಹೇಳಿದಳು. "ಅಮ್ಮ, ನಾವು ಬೌದ್ಧರು. ಹಿಂದೆ ನಮ್ಮೋರನ್ನ ಊರಾಚೆ ಇಟ್ಟಿದ್ರು. ಇದು ತಿಳ್ಕೊಂಡು ಕರೆಯೋದಾದ್ರೆ ಬರ್ತೀನಿ."

"ಇವ್ನು ಮೊದ್ಲೇ ಹೇಳವ್ನೆ ಕಣಮ್ಮ. ನಮ್ಮತ್ತೆ ಇದ್ದಿದ್ರೆ ಮಾತು ಬೇರೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ನಾನೂ ಅವರಂಗೇ ನಡ್ಕೊಂಡೋಳೇ. ಈಗ ಈ ಬಾಗಿಲು ನಂದು." ಅವರು ತಟ್ಟೆ ಕೆಳಗಿಟ್ಟು ಹತ್ತಿರ ಬಂದರು. ಅವಳ ಮಣಿಕಟ್ಟು ಹಿಡಿದು ಮೂಗಿನ ಹತ್ತಿರ ತಂದು ಮೂಸಿದರು. "ಅವತ್ತು ನಾಲ್ಕು ಮಾತು ಬಿಡಿಸಿ ಹೇಳ್ಬೇಕಿತ್ತು, ಹೇಳ್ಲಿಲ್ಲ. ಬ್ಯಾಸರ ಇಟ್ಕೋಬ್ಯಾಡ. ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಕೈ ಸಾಲದು. ಲೋಪಲಿಕಿ ರಾ ತಲ್ಲಿ."

ಒಳಗೆ ಬಾ ತಾಯಿ ಎಂದು ಮನೆಮಾತಾದ ತೆಲುಗಿನಲ್ಲಿ ಕರೆದರು. ಕರೆದು, ಹಿಡಿದ ಕೈಯನ್ನು ಬಿಡದೆ ಒಳಗೆ ಎಳೆದುಕೊಂಡು ಹೋದರು.

ಮಧ್ಯಾಹ್ನದವರೆಗೂ ಅವಳು ಹುಳಗಳನ್ನು ಒಂದೊಂದಾಗಿ ಚಂದ್ರಿಕೆಗೆ ಬಿಟ್ಟಳು. ಊಟಕ್ಕೆ ಅಡುಗೆಮನೆಯಲ್ಲೇ ಎಲೆ ಹಾಕಿದರು. ಅಕ್ಕಯ್ಯಮ್ಮ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಮುದ್ದೆಗೆ ಸಾರು ಬಡಿಸಿದರು.

ಅವರು ಎದ್ದು ಹಿತ್ತಿಲಿಗೆ ಹೋದಾಗ ಚಿರಂಜೀವಿ ಎದುರಿನ ಎಲೆಯ ಮುಂದೆ ತಲೆ ತಗ್ಗಿಸಿಯೇ ಕೇಳಿದ. "ಈಗ ನಿಮ್ಮ ಮನೆಗೆ ನಾನು ಬರಬೋದಾ? ಅಂಬರೀಶ್ ಮೇಷ್ಟ್ರ ಹತ್ರ ಕೇಳೋದಿದೆ."

"ಏನು ಕೇಳ್ತೀರಿ?"

"ನಿಮ್ಮನ್ನ."

ಅವಳ ಬಾಯಲ್ಲಿ ತುತ್ತಿತ್ತು. ನುಂಗಿ, ಕಣ್ಣು ಒರೆಸಿಕೊಂಡು, ನಕ್ಕಳು.

"ಬನ್ನಿ. ನಮ್ಮಪ್ಪ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲ್ಲ."