ಪಾಪಮ್ಮನ ಗಾಲಿಗೂಡು

ಮಾರ್ಚ್ 30, ಭಾನುವಾರ, ಯುಗಾದಿ. ಬೆಳಿಗ್ಗೆ 8.10ಕ್ಕೆ ನಾಯಂಡಹಳ್ಳಿಯ ಭೈರೇಶ್ ಹೊಸ ಪಂಚೆಯಲ್ಲಿ ಠಾಣೆಗೆ ಬಂದು, ತನ್ನ ಖಾಲಿ ಸೈಟಿನಲ್ಲಿದ್ದ ಕೋಳಿಗೂಡು ಹನ್ನೆರಡು ನಾಟಿಕೋಳಿಗಳ ಸಮೇತ ಕಳುವಾಗಿದೆ ಎಂದು ದೂರು ಕೊಟ್ಟ. ಮಗಳ ಎಣ್ಣೆಸ್ನಾನವನ್ನು ಅರ್ಧಕ್ಕೇ ಬಿಟ್ಟು ಡ್ಯೂಟಿಗೆ ಬಂದಿದ್ದ ಪಿಎಸ್‌ಐ ದಿವ್ಯಳಿಗೆ ಮೊದಲು ರೇಗಿತು.

“ಗೂಡನ್ನೇ ಹೊತ್ಕೊಂಡು ಹೋದ್ರಾ?”

“ಗಾಲಿ ಇದೆ ಮೇಡಂ, ಎಳ್ಕೊಂಡು ಹೋಗಬಹುದು. ನಾಳೆ ಹೊಸತೊಡಕು. ಬಾಡೂಟಕ್ಕೆ ಬೀಗರನ್ನೆಲ್ಲ ಕರೆದ್ಬಿಟ್ಟಿದೀನಿ. ಮಾನ ಹೋಗುತ್ತೆ.”

ಕಳವು ಎಂದು ಎಫ್‌ಐಆರ್ ದಾಖಲಾಯಿತು. 9.25ಕ್ಕೆ ದಿವ್ಯ, ಹೆಡ್ ಕಾನ್‌ಸ್ಟೆಬಲ್ ಗೂಳಪ್ಪ ಇಬ್ಬರೂ ಸೈಟಿನಲ್ಲಿ ಪಂಚರ ಎದುರು ಪಂಚನಾಮೆ ಶುರುಮಾಡಿದರು. ಗೂಡಿನ ವಿವರವನ್ನು ಭೈರೇಶನೇ ಬರೆಸಿದ. ಹತ್ತಡಿ ಉದ್ದ, ಐದಡಿ ಅಗಲ. ಮೇಲೆ ಮಲಗಲು ಹಲಗೆಯ ಅಟ್ಟ, ಕೆಳಗೆ ಓಡಾಡಲು ಜಾಲರಿಯ ಆವರಣ, ಹಿಂದೆ ಎರಡು ಗಾಲಿ, ಮುಂದೆ ಎಳೆಯುವ ಹಿಡಿ. ಕೋಳಿಗಳು ಹುಲ್ಲು, ಹುಳು ಹೆಕ್ಕಲೆಂದು ತಳವನ್ನೇ ಇಟ್ಟಿರಲಿಲ್ಲ. ದಿನಾ ಒಂದು ಗೂಡಿನಷ್ಟು ಮುಂದಕ್ಕೆ ಎಳೆದರೆ ಅವಕ್ಕೆ ಹೊಸ ಹುಲ್ಲು ಸಿಗುತ್ತಿತ್ತು, ಹಿಂದಿನ ಜಾಗ ಗೊಬ್ಬರ ಕುಡಿದು ಮತ್ತೆ ಚಿಗುರುತ್ತಿತ್ತು.

“ಒಂದು ಪುಕ್ಕಾನೂ ಉದುರಿಲ್ಲ ಮೇಡಂ,” ಎಂದ ಗೂಳಪ್ಪ. “ತಳ ಇಲ್ದಿರೋ ಗೂಡು. ಎಳೆಯುವಾಗ ಕೋಳಿನೂ ಜೊತೆಗೇ ನಡೀಬೇಕು, ಇಲ್ಲಾಂದ್ರೆ ಕಾಲು ಸಿಕ್ಕಾಕೊಳ್ಳುತ್ತೆ. ಗೊತ್ತಿಲ್ದಿರೋರು ಎಳೆದಿದ್ರೆ ಕೇರಿ ಎದ್ದುಬಿಡೋ ಹಾಗೆ ಕಿರುಚ್ತಿದ್ವು.”

“ದಿನಾ ಯಾರು ಎಳೀತಿದ್ರು?” ದಿವ್ಯ ಭೈರೇಶನನ್ನು ಕೇಳಿದಳು.

“ಪಾಪಮ್ಮ ಅಂತ, ಕೆಲಸಕ್ಕಿದ್ಲು. ಸಂಕ್ರಾಂತಿ ಆದ್ಮೇಲೆ ತೀರಿಕೊಂಡ್ಲು. ಆಮೇಲೆ ಯಾರು ಎಳೆದ್ರೂ ಒಂದೆರಡು ಕುಂಟ್ತಾವೆ. ಅದಕ್ಕೇ ಈ ಹಬ್ಬಕ್ಕೆ ಮುಗಿಸ್ಬಿಡೋಣ ಅಂತ.”

ಎದುರು ಮನೆಯ ನಿವೃತ್ತ ಟೀಚರ್ ಅನಂತಲಕ್ಷ್ಮಿ ಬಾಗಿಲನ್ನು ಅರ್ಧವಷ್ಟೇ ತೆರೆದರು.

“ಐದೂವರೆಗೆ ರಂಗೋಲಿ ಹಾಕೋಕೆ ಬಂದೆ. ಪಾಪಮ್ಮ ಕೋಳಿ ಕರೀತಿದ್ಲು.”

“ಅವರು ತೀರಿಕೊಂಡಿದಾರಲ್ಲ?”

“ಅದಕ್ಕೇ ಒಳಗೆ ಓಡಿ ಬಾಗಿಲು ಹಾಕ್ಕೊಂಡೆ ಕಣಮ್ಮ.”

ಗೇಟಿನಾಚೆ ಟಾರು ರಸ್ತೆಯಲ್ಲಿ ಅಲ್ಲಲ್ಲಿ ಕೋಳಿ ಹಿಕ್ಕೆ ಬಿದ್ದಿತ್ತು. ಇಷ್ಟು ನಿಯತ್ತಾಗಿ ದಾರಿ ತೋರಿಸಿದ ಸಾಕ್ಷಿಗಳನ್ನು ಗೂಳಪ್ಪ ತನ್ನ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ. ಎರಡು ಬೀದಿ ದಾಟಿ ಜಾಡು ಒಂದು ವೆಲ್ಡಿಂಗ್ ಶೆಡ್ಡಿನ ಮುಂದೆ ನಿಂತಿತು. ಅದು ಪಾಪಮ್ಮನ ಗಂಡ ಮುನಿರಾಜುವಿನದು. ಭೈರೇಶನಿಗೆ ಆ ಗೂಡು ಮಾಡಿಕೊಟ್ಟವನೂ ಅವನೇ.

10.50. ಶೆಡ್ಡಿನ ಹಿತ್ತಲಲ್ಲಿ ಗೂಡು ಇತ್ತು. ಮುನಿರಾಜು ಕೋಳಿಗಳಿಗೆ ನೀರಿಡುತ್ತಿದ್ದ. ಪೊಲೀಸರನ್ನು ಕಂಡು ಕೈ ಒರೆಸಿಕೊಂಡು ಎದ್ದು ನಿಂತ.

“ನೀವೇ ತಂದ್ರಾ?”

“ಹೂಂ ಮೇಡಂ.”

“ಇಷ್ಟು ದೂರ ಕೋಳಿ ಹೇಗೆ ನಡೆದ್ವು?”

ಅವನು ಜೇಬಿನಿಂದ ಫೋನ್ ತೆಗೆದ. ಗೂಡು ಮಾಡಿದ ಹೊಸತರಲ್ಲಿ ಗಾಲಿ ನೆಟ್ಟಗೆ ಓಡುತ್ತದೋ ನೋಡಲೆಂದು ತೆಗೆದ ವಿಡಿಯೊ. ಅದರಲ್ಲಿ ಕಾಣುವುದು ಗಾಲಿ ಮಾತ್ರ. ಹಿಂದಿನಿಂದ ಒಬ್ಬ ಹೆಂಗಸಿನ ದನಿ: “ಬಾ ಬಾ ಬಾ... ಬನ್ರವ್ವಾ, ನಿಧಾನಕ್ಕೆ.” ಎಲ್ಲ ಸೇರಿ ಇಪ್ಪತ್ತು ಸೆಕೆಂಡು. ದಾರಿಯುದ್ದಕ್ಕೂ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಗೂಡು ಎಳೆದಿದ್ದ.

“ಬೇರೆ ಕೋಳಿ ತಂದ್ಕೊಡ್ತೀನಿ, ಇವನ್ನ ಬಿಡಿ ಅಂತ ಭೈರೇಶಣ್ಣನ್ನ ಕೇಳ್ದೆ. ನಕ್ಬಿಟ್ರು. ಮನೇಲಿ ಇದನ್ನ ಹಾಕಿದ್ರೆ ನಾನೊಬ್ನೇ ಕೇಳ್ಬೇಕು ಮೇಡಂ. ಇವು ಮಾತ್ರ ಅವಳೇ ಬಂದ್ಲು ಅಂತ ಓಡಿ ಬರ್ತಾವೆ. ನಾಳೆ ಇವೂ ಹೋದ್ರೆ, ಅವಳು ಕರೆದ್ರೆ ಓಗೊಡೋರು ಯಾರಿದಾರೆ?”

ಆದರೂ ಕೆಲಸ ಕೆಲಸವೇ. 11.20ಕ್ಕೆ ದಿವ್ಯ ಮುನಿರಾಜುವನ್ನು ಬಂಧಿಸಿ, ಗೂಡು, ಕೋಳಿಗಳನ್ನು ಜಪ್ತಿ ಮಾಡಿದಳು. ಕೋರ್ಟಿನ ಆದೇಶವಿಲ್ಲದೆ ಒಂದು ಕೋಳಿಯನ್ನೂ ಕೊಡಲಾಗದು ಎಂದು ಭೈರೇಶನಿಗೆ ಖಡಾಖಂಡಿತವಾಗಿ ಹೇಳಿದಳು. ಹೊಸತೊಡಕಿನ ಮಟ್ಟಿಗೆ ಅವುಗಳ ಜೀವ ಉಳಿಯಿತು. ಆದರೆ ಕೃತ್ಯಕ್ಕೆ ಬಳಸಿದ ಫೋನನ್ನು ಬಿಟ್ಟು ಮಹಜರು ಬರೆಯುವಂತಿರಲಿಲ್ಲ.

“ಫೋನ್ ಯಾವಾಗ ಕೊಡ್ತೀರ ಮೇಡಂ?”

“ಕೇಸ್ ಮುಗಿದ ಮೇಲೆ.”

“ವರ್ಷಗಟ್ಲೆ ಆಗುತ್ತಾ?”

ದಿವ್ಯ ಫೋನ್ ಹಾಕುವ ಕವರ್ ತೆಗೆದಳು. ಸೀಲ್ ಮಾಡುವ ಮುಂಚೆ ಒಂದು ಸಲ ಹಾಕಲೇ ಎಂದು ಅವನು ಕೇಳಿದಾಗ ಆಗಲಿ ಎಂದು ತಲೆಯಾಡಿಸಿದಳು. ದನಿ ಕೇಳಿದ್ದೇ ತಡ, ಹನ್ನೆರಡೂ ಕೋಳಿಗಳು ಓಡಿ ಬಂದು ಜಾಲರಿಗೆ ಒತ್ತಿಕೊಂಡು ಕತ್ತೆತ್ತಿದವು. ವಿಡಿಯೊ ಮುಗಿಯಿತು. ಅವು ಅಲ್ಲಿಂದ ಕದಲಲಿಲ್ಲ. ಮುನಿರಾಜು ಫೋನ್ ಸ್ವಿಚ್ ಆಫ್ ಮಾಡಿ, ತಾನೇ ಕವರಿನೊಳಗಿಟ್ಟು, ಗೂಳಪ್ಪ ತೋರಿಸಿದ ಕಡೆ ಸಹಿ ಹಾಕಿದ.